ಜೊತೆಗೊಂದು ಹವ್ಯಾಸ

ಕಿರಿಯರು: ಗಂಡ ಹೆಂಡತಿ ಸೇರಿ ಮಾಡುವುದನ್ನೆಲ್ಲ ಜಂಟಿ ಹವ್ಯಾಸ ಎನ್ನಲಾಗದು. ಸಂತೆಗೆ ಒಟ್ಟಿಗೆ ಹೋಗುತ್ತಾರೆ, ಮದುವೆ ಮುಂಜಿಗೆ ಒಟ್ಟಿಗೆ ಹೋಗುತ್ತಾರೆ, ರಾತ್ರಿ ಒಂದೇ ಸೋಫಾದ ಮೇಲೆ ಕೂತು ಧಾರಾವಾಹಿ ನೋಡುತ್ತಾರೆ. ಇವುಗಳಲ್ಲಿ ಹವ್ಯಾಸ ಯಾವುದು, ಬರೀ ಜೊತೆಗಿರುವುದು ಯಾವುದು? ಗೆರೆ ಎಲ್ಲಿ ಎಳೆಯಬೇಕು?

ಹಿರಿಯರು: ಅಮೆರಿಕದ ಸಂಶೋಧಕ ಡೆನ್ನಿಸ್ ಆರ್ಥ್ನರ್ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳ ಬಿಡುವಿನ ಚಟುವಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದ್ದರು. ಒಬ್ಬರೇ ಮಾಡುವುದು ಒಂದು. ಪಕ್ಕಪಕ್ಕ ಕೂತಿದ್ದರೂ ಒಬ್ಬರ ಹಂಗಿಲ್ಲದೆ ಇನ್ನೊಬ್ಬರು ಮಾಡುವುದು ಎರಡನೆಯದು, ಟಿ.ವಿ. ನೋಡುವುದು ಇದಕ್ಕೆ ಸೇರುತ್ತದೆ. ಇಬ್ಬರೂ ಮಾತಾಡದೆ, ಕೈಜೋಡಿಸದೆ ನಡೆಯುವುದೇ ಇಲ್ಲ ಎನ್ನುವಂಥದ್ದು ಮೂರನೆಯದು. ಜಂಟಿ ಹವ್ಯಾಸ ಎಂಬ ಹೆಸರು ಈ ಮೂರನೆಯದಕ್ಕೇ ಸಲ್ಲಬೇಕು. ಪರೀಕ್ಷೆ ಸುಲಭ. ಇಬ್ಬರಲ್ಲಿ ಒಬ್ಬರು ಎದ್ದು ಹೋದರೆ ಕೆಲಸ ಮುಂದುವರಿಯುತ್ತದೆಯೇ? ಧಾರಾವಾಹಿ ಮುಂದುವರಿಯುತ್ತದೆ. ಅಳಗುಳಿಮಣೆಯ ಆಟ ನಿಂತುಹೋಗುತ್ತದೆ.

ಕಿರಿಯರು: ಸಂತೆಗೆ ಹೋಗುವುದಕ್ಕೂ ಇಬ್ಬರ ಕೈ ಬೇಕಲ್ಲ?

ಹಿರಿಯರು: ಬೇಕು. ಆದರೆ ಸಂತೆಗೆ ಹೋಗದಿದ್ದರೆ ಮನೆ ನಡೆಯುವುದಿಲ್ಲ. ಹವ್ಯಾಸ ಬಿಟ್ಟರೆ ಮನೆಗೆ ಏನೂ ತೊಂದರೆಯಿಲ್ಲ. ಯಾರೂ ಒತ್ತಾಯ ಮಾಡದಿದ್ದರೂ ಮತ್ತೆ ಮತ್ತೆ ಅದೇ ಕೆಲಸಕ್ಕೆ ಇಬ್ಬರೂ ಬಂದು ಕೂರುವುದು ಹವ್ಯಾಸದ ಲಕ್ಷಣ. ಇನ್ನೊಂದನ್ನೂ ಸೇರಿಸಬೇಕು: ಹವ್ಯಾಸದಲ್ಲಿ ಕಲಿಯುವುದಕ್ಕೆ ಏನಾದರೂ ಉಳಿದಿರಬೇಕು. ಹೋದ ವರ್ಷಕ್ಕಿಂತ ಈ ವರ್ಷ ಸ್ವಲ್ಪ ಹೆಚ್ಚು ಗೊತ್ತಾಗಿದೆ ಎನ್ನುವ ಭಾವ ಇಲ್ಲದಿದ್ದರೆ ಅದು ಬಹುಬೇಗ ಅಭ್ಯಾಸಬಲವಾಗಿ ಬಿಡುತ್ತದೆ.

ಕಿರಿಯರು: ಇಂಥದ್ದೊಂದು ಇಲ್ಲದೆಯೂ ಎಷ್ಟೋ ಸಂಸಾರಗಳು ಚೆನ್ನಾಗಿ ನಡೆದಿವೆ. ಹಿಂದಿನ ತಲೆಮಾರಿನಲ್ಲಿ ಗಂಡಸರು ಜಗಲಿಯಲ್ಲಿ, ಹೆಂಗಸರು ಹಿತ್ತಿಲಲ್ಲಿ. ಅವರಿಗೆ ಇದರ ಕೊರತೆ ಕಂಡಿರಲಿಲ್ಲ.

ಹಿರಿಯರು: ಆ ಮನೆಗಳಲ್ಲಿ ಹತ್ತಾರು ಜನರಿದ್ದರು. ಜಗಲಿಗೂ ಹಿತ್ತಿಲಿಗೂ ಜೊತೆಗಾರರಿಗೆ ಬರವಿರಲಿಲ್ಲ. ಈಗ ಎರಡು ಕೋಣೆಯ ಮನೆಯಲ್ಲಿ ಇಬ್ಬರೇ ಇರುವುದು ಸಾಮಾನ್ಯ. ಮಕ್ಕಳು ಓದಿಗೆ, ನೌಕರಿಗೆ ಹೊರಟ ಮೇಲೆ ಅವರ ಫೀಸು, ಊಟ, ಪರೀಕ್ಷೆಗಳ ಮಾತೂ ನಿಂತುಹೋಗುತ್ತದೆ. ನಿವೃತ್ತಿಯಾದ ಗಂಡ ದಿನವಿಡೀ ಮನೆಯಲ್ಲೇ ಉಳಿದಾಗ ಹೆಂಡತಿಯ ಮೈಮನಸ್ಸಿನ ಮೇಲೆ ಬೀಳುವ ಒತ್ತಡಕ್ಕೆ ಜಪಾನಿನ ವೈದ್ಯರು ಒಂದು ಹೆಸರನ್ನೇ ಕೊಟ್ಟಿದ್ದಾರೆ. ಹಾಗಾಗಿ ಪ್ರಶ್ನೆ ಹಳೆಯ ತಲೆಮಾರಿಗಿಂತ ಈ ತಲೆಮಾರಿಗೆ ಹೆಚ್ಚು ಹತ್ತಿರದ್ದು.

ಕಿರಿಯರು: ಜೊತೆಗೆ ಏನಾದರೂ ಮಾಡಿದ ಮಾತ್ರಕ್ಕೆ ದಾಂಪತ್ಯ ಸುಧಾರಿಸುತ್ತದೆ ಎನ್ನಲು ಆಧಾರವಿದೆಯೇ? ಚೆನ್ನಾಗಿರುವ ದಂಪತಿಗಳೇ ಜೊತೆಗೆ ಓಡಾಡುತ್ತಾರೆ ಎಂದೂ ಹೇಳಬಹುದಲ್ಲ.

ಹಿರಿಯರು: ಆ ಅನುಮಾನವನ್ನು ತೀರಿಸಿಕೊಳ್ಳಲೆಂದೇ 1993ರಲ್ಲಿ ರೈಸ್‌ಮನ್, ಆರ್ಥರ್ ಆರನ್ ಮತ್ತು ಬರ್ಗನ್ ಎಂಬ ಸಂಶೋಧಕರು ಅಮೆರಿಕದ 53 ದಂಪತಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ವಾರಕ್ಕೆ ಒಂದೂವರೆ ಗಂಟೆಯಂತೆ ಹತ್ತು ವಾರ, ಅವರೇ ರೋಮಾಂಚಕ ಎಂದು ಗುರುತಿಸಿದ ಕೆಲಸಗಳನ್ನು ಕೊಟ್ಟರು. ಇನ್ನು ಕೆಲವರಿಗೆ ಹಿತವಾದವು ಎಂದು ಗುರುತಿಸಿದ ಕೆಲಸಗಳನ್ನು ಕೊಟ್ಟರು. ಉಳಿದವರಿಗೆ ಏನೂ ಕೊಡಲಿಲ್ಲ. ಹತ್ತು ವಾರಗಳ ಕೊನೆಯಲ್ಲಿ ಮೊದಲನೆಯ ಗುಂಪಿನವರಿಗೆ ತಮ್ಮ ದಾಂಪತ್ಯದ ಬಗ್ಗೆ ಸಮಾಧಾನ ಎರಡನೆಯ ಗುಂಪಿನವರಿಗಿಂತ ಹೆಚ್ಚಾಗಿತ್ತು. 2000ದಲ್ಲಿ ಆರನ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗಾಲಯಕ್ಕೆ ತಂದರು. ಗಂಡ ಹೆಂಡತಿಯ ಕೈಗೆ ಕೈ, ಕಾಲಿಗೆ ಕಾಲು ಕಟ್ಟಿ, ಇಬ್ಬರ ನಡುವೆ ಒಂದು ದಿಂಬನ್ನಿಟ್ಟು, ಅದನ್ನು ಕೈಯಲ್ಲೂ ಹಲ್ಲಲ್ಲೂ ಹಿಡಿಯದೆ, ಬೀಳಿಸದೆ, ಮಂಡಿಯಲ್ಲಿ ತೆವಳಿಕೊಂಡು ಅಡ್ಡಗಟ್ಟೆ ದಾಟುವಂತೆ ಹೇಳಿದರು. ಏಳು ನಿಮಿಷದ ಆಟ. ಅದನ್ನು ಆಡಿದವರು ಆಮೇಲೆ ಪರಸ್ಪರರ ಬಗ್ಗೆ ಹೇಳಿದ ಮಾತು, ಮಂದವಾದ ಕೆಲಸ ಮಾಡಿದವರ ಮಾತಿಗಿಂತ ಬೆಚ್ಚಗಿತ್ತು.

ಕಿರಿಯರು: ಐವತ್ತಮೂರು ಜೋಡಿ ಎಂದರೆ ಸಣ್ಣ ಸಂಖ್ಯೆ. ಅದೂ ಅಮೆರಿಕದವರು.

ಹಿರಿಯರು: ಆ ಮಿತಿಯನ್ನು ಒಪ್ಪಿಕೊಳ್ಳಲೇಬೇಕು. ಆ ಫಲಿತಾಂಶವನ್ನು ಹಾಸನಕ್ಕೋ ಹುಬ್ಬಳ್ಳಿಗೋ ಹಾಗೇ ತಂದು ಹಚ್ಚುವುದು ತಪ್ಪಾಗುತ್ತದೆ. ಆದರೂ ಅದರಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಫಲ ಕೊಟ್ಟದ್ದು ಸುಮ್ಮನೆ ಜೊತೆಗೆ ಕಳೆದ ಹೊತ್ತಲ್ಲ, ಆ ಹೊತ್ತಿನಲ್ಲಿದ್ದ ಹೊಸತನ. ಆರನ್ ಮತ್ತು ಅವರ ಪತ್ನಿ ಎಲೇನ್ ಆರನ್ 1986ರಲ್ಲೇ ಮಂಡಿಸಿದ್ದ ವಾದವೂ ಇದೇ. ಮನುಷ್ಯ ಇನ್ನೊಬ್ಬರ ಸಂಗದಲ್ಲಿ ತಾನು ಬೆಳೆಯುತ್ತಿದ್ದೇನೆ ಎಂದುಕೊಳ್ಳುವಷ್ಟು ಕಾಲ ಆ ಸಂಗ ರುಚಿಸುತ್ತದೆ. ಮದುವೆಯ ಮೊದಲ ವರ್ಷಗಳಲ್ಲಿ ಇದು ತಾನಾಗಿ ಆಗುತ್ತದೆ, ಏಕೆಂದರೆ ಎದುರಿಗಿರುವವರೇ ಹೊಸಬರು. ಇಪ್ಪತ್ತು ವರ್ಷ ಕಳೆದ ಮೇಲೆ ಹೊಸದನ್ನು ಹೊರಗಿನಿಂದ ತರಬೇಕಾಗುತ್ತದೆ.

ಕಿರಿಯರು: ಹಾಗಾದರೆ ಒಬ್ಬರಿಗೆ ಮೊದಲೇ ಇರುವ ಹವ್ಯಾಸಕ್ಕೆ ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು ಸುಲಭದ ದಾರಿಯಲ್ಲವೇ? ಬಹಳ ಮನೆಗಳಲ್ಲಿ ನಡೆಯುವುದೂ ಅದೇ. ಗಂಡನಿಗೆ ಕ್ರಿಕೆಟ್ ಹುಚ್ಚು, ಹೆಂಡತಿಯೂ ಕ್ರೀಡಾಂಗಣಕ್ಕೆ ಹೋಗುತ್ತಾಳೆ.

ಹಿರಿಯರು: ಎಚ್ಚರ ವಹಿಸಬೇಕಾದ ಜಾಗ ಅದು. ಕ್ರಾಫರ್ಡ್, ಹೂಸ್ಟನ್ ಮುಂತಾದವರು ಹೊಸದಾಗಿ ಮದುವೆಯಾದ ದಂಪತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡನಿಗೆ ಇಷ್ಟವಿದ್ದು ಹೆಂಡತಿಗೆ ಇಷ್ಟವಿಲ್ಲದ ಕೆಲಸಗಳನ್ನು ಗಂಡ ಒಬ್ಬನೇ ಮಾಡಿದರೂ ಸರಿ, ಹೆಂಡತಿಯನ್ನು ಕರೆದುಕೊಂಡು ಮಾಡಿದರೂ ಸರಿ, ಅದು ಹೆಂಡತಿಯ ಅಸಮಾಧಾನಕ್ಕೆ ಕಾರಣವೂ ಆಗುತ್ತಿತ್ತು, ಅದರ ಪರಿಣಾಮವೂ ಆಗಿತ್ತು. ಜೊತೆಗೆ ಕೂತರೆ ಸಾಕು ಎಂಬ ನಂಬಿಕೆಯನ್ನು ಅದು ಅಲುಗಿಸಿತು. ನಮ್ಮ ಮನೆಗಳಲ್ಲಿ ಇದನ್ನು ಕಾಣಲು ಕಷ್ಟಪಡಬೇಕಿಲ್ಲ. ‘ನಮ್ಮ ಮನೆಯವರಿಗೆ ಚಾರಣ ಅಂದರೆ ಪ್ರಾಣ, ನಾನೂ ಹೋಗ್ತೀನಿ’ ಎನ್ನುವ ಹೆಂಡತಿ, ಬೆಟ್ಟದ ಬುಡದಲ್ಲಿ ಬುತ್ತಿಗಂಟು ಕಾಯುತ್ತ ಕೂತಿದ್ದರೆ ಅದು ಯಾರ ಹವ್ಯಾಸ ಎಂದು ಬೇರೆ ಕೇಳಬೇಕಾಗಿಲ್ಲ.

ಕಿರಿಯರು: ಆದರೆ ಒಬ್ಬರ ಆಸಕ್ತಿ ಇನ್ನೊಬ್ಬರಿಗೆ ಹತ್ತಿದ ಉದಾಹರಣೆಗಳೂ ಇವೆ. ಪಕ್ಷಿವಿಜ್ಞಾನಿ ಸಲೀಂ ಅಲಿ ಮತ್ತು ಅವರ ಪತ್ನಿ ತೆಹ್ಮಿನಾ ಅವರನ್ನು ನೆನೆಯಬಹುದು.

ಹಿರಿಯರು: ಒಳ್ಳೆಯ ಉದಾಹರಣೆ, ಸ್ವಲ್ಪ ನಿಂತು ನೋಡಬೇಕಾದದ್ದು. ಅವರ ಮದುವೆಯಾದದ್ದು 1918ರಲ್ಲಿ. ಹಕ್ಕಿಗಳ ಹುಚ್ಚು ಇದ್ದದ್ದು ಸಲೀಂ ಅಲಿಯವರಿಗೆ. 1930ರ ಸುಮಾರಿಗೆ ಕೆಲಸವಿಲ್ಲದ ದಿನಗಳಲ್ಲಿ ಅವರು ಮುಂಬಯಿ ಆಚೆಯ ಕಿಹಿಂ ಎಂಬ ಕಡಲೂರಿನಲ್ಲಿ ನೆಲೆಸಿ ಗೀಜಗನ ಸಂಸಾರವನ್ನು ನೋಡುತ್ತ ಕೂತರು. ಆಮೇಲೆ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ಬಂತು. ತೆಹ್ಮಿನಾ ಶಿಬಿರದಿಂದ ಶಿಬಿರಕ್ಕೆ ಜೊತೆಗೆ ಹೋದರು, ಡೇರೆ, ಆಳುಕಾಳು, ಅಡುಗೆ, ಸಾಗಾಟ ಎಲ್ಲದರ ಹೊಣೆ ಹೊತ್ತರು. ಕಾಡಿನ ಬದುಕು ಅವರಿಗೆ ಹಿಡಿಸಿತೆಂದೂ, ಅವರಿಲ್ಲದಿದ್ದರೆ ಆ ಕೆಲಸ ಸಾಗುತ್ತಿರಲಿಲ್ಲವೆಂದೂ ಸಲೀಂ ಅಲಿಯವರ ಬರಹದಿಂದ ತಿಳಿಯುತ್ತದೆ. 1939ರಲ್ಲಿ ಶಸ್ತ್ರಚಿಕಿತ್ಸೆಯ ನಂತರ ತೆಹ್ಮಿನಾ ತೀರಿಕೊಂಡರು. ಆ ದಾಂಪತ್ಯದ ಆತ್ಮೀಯತೆ ಪ್ರಶ್ನಾತೀತ. ಆದರೂ ಹಕ್ಕಿಯ ಪುಸ್ತಕ ಒಬ್ಬರ ಕೈಯಲ್ಲಿತ್ತು, ಡೇರೆಯ ಲೆಕ್ಕ ಇನ್ನೊಬ್ಬರ ಕೈಯಲ್ಲಿತ್ತು. ಇಂದು ಹವ್ಯಾಸವನ್ನು ಹುಡುಕುವ ದಂಪತಿ ದುರ್ಬೀನು ಇಬ್ಬರ ಕೊರಳಲ್ಲೂ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು.

ಕಿರಿಯರು: ಇಬ್ಬರಿಗೂ ಹಿಡಿಸುವುದನ್ನು ಹುಡುಕಲು ಮೊದಲು ಇಷ್ಟಾನಿಷ್ಟಗಳ ಪಟ್ಟಿ ಮಾಡಿಕೊಳ್ಳಬೇಕು ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಹಿರಿಯರು: ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಗಡಿಯಾರ. ಇಬ್ಬರಿಗೂ ಒಂದೇ ಹೊತ್ತಿನಲ್ಲಿ ಬಿಡುವು ಸಿಗುತ್ತದೆಯೇ? ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಅಂಕಿಗಳು ಕಣ್ಣು ತೆರೆಸುವಂಥವು. ಆರು ವರ್ಷ ಮೇಲ್ಪಟ್ಟವರಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕಿದವರು ಹೆಂಗಸರಲ್ಲಿ ಶೇ 81.2, ಗಂಡಸರಲ್ಲಿ ಶೇ 26.1. ಹಾಗೆ ಕೈಹಾಕಿದವರಲ್ಲೂ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ದುಡಿದಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ಎರಡೂ ಕಡೆ ಸ್ವಲ್ಪ ಇಳಿದರೂ ನಡುವಿನ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಕಿರಿಯರು: ಅಂದರೆ ಗಂಡನಿಗೆ ಬಿಡುವಾದ ಹೊತ್ತಿಗೆ ಹೆಂಡತಿ ಒಲೆಯ ಮುಂದೆ ಇರುತ್ತಾಳೆ.

ಹಿರಿಯರು: ಭಾನುವಾರ ಬೆಳಿಗ್ಗೆಯನ್ನೇ ತೆಗೆದುಕೊಳ್ಳಿ. ಹಕ್ಕಿ ನೋಡಲು ಆರು ಗಂಟೆಗೆ ಕೆರೆಯ ದಂಡೆಯಲ್ಲಿರಬೇಕು. ಮನೆಯಲ್ಲಿ ದೋಸೆ ಹಿಟ್ಟು ಉಕ್ಕಿ ಕೂತಿದೆ, ಒಂಬತ್ತಕ್ಕೆ ತಿಂಡಿಯಾಗಬೇಕು, ಅತ್ತೆಗೆ ಮಾತ್ರೆ ಕೊಡಬೇಕು, ನಲ್ಲಿಯಲ್ಲಿ ನೀರು ಬರುವುದು ಏಳಕ್ಕೆ. ಇದೆಲ್ಲದರ ಯೋಚನೆ ಒಬ್ಬರ ತಲೆಯಲ್ಲೇ ಇದ್ದರೆ ಆ ಒಬ್ಬರು ಕೆರೆಯ ದಂಡೆಗೆ ಬಂದರೂ ಬಂದಂತಾಗುವುದಿಲ್ಲ. ಆದ್ದರಿಂದ ಜಂಟಿ ಹವ್ಯಾಸದ ಮೊದಲ ಪಾಠ ಅಡುಗೆಮನೆಯಲ್ಲಿ ಆಗಬೇಕು. ರಾತ್ರಿಯೇ ಒಬ್ಬರು ಪಲ್ಯಕ್ಕೆ ಹೆಚ್ಚಿಟ್ಟು, ಇನ್ನೊಬ್ಬರು ಪಾತ್ರೆ ತೊಳೆದಿಟ್ಟರೆ ಬೆಳಗಿನ ಎರಡು ಗಂಟೆ ಇಬ್ಬರ ಕೈಗೂ ಸಿಗುತ್ತದೆ. ‘ನಮ್ಮಿಬ್ಬರ ಅಭಿರುಚಿ ಬೇರೆ ಬೇರೆ’ ಎಂದು ದೂರುವ ಅನೇಕ ಮನೆಗಳಲ್ಲಿ ಬೇರೆಯಾಗಿರುವುದು ಅಭಿರುಚಿಗಿಂತ ಬಿಡುವಿನ ಹೊತ್ತು.

ಕಿರಿಯರು: ಹೊತ್ತು ಸಿಕ್ಕಿತು ಎಂದುಕೊಳ್ಳೋಣ. ಆಗಲಾದರೂ ಪಟ್ಟಿ ಬೇಕಲ್ಲ?

ಹಿರಿಯರು: ಆಗ ಎರಡು ಕಡೆ ಹುಡುಕಬಹುದು. ಒಂದು, ಇಬ್ಬರೂ ಎಂದೋ ಬಿಟ್ಟುಬಂದದ್ದು. ಮದುವೆಗೆ ಮೊದಲು ಶಾಲೆಯಲ್ಲಿ ಥ್ರೋಬಾಲ್ ಆಡುತ್ತಿದ್ದ ಹುಡುಗಿ, ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹುಡುಗ ಇವರ ಬಗ್ಗೆ ಎಷ್ಟೋ ದಂಪತಿಗಳು ಒಬ್ಬರನ್ನೊಬ್ಬರು ಕೇಳಿಯೇ ಇರುವುದಿಲ್ಲ. ಇನ್ನೊಂದು, ಇಬ್ಬರೂ ಎಂದೂ ಮಾಡದೆ ಇದ್ದದ್ದು. ಎರಡರಲ್ಲಿ ಎರಡನೆಯದೇ ಮೇಲು. ಬಿಟ್ಟುಬಂದದ್ದರಲ್ಲಿ ಒಬ್ಬರು ಬಲ್ಲವರು, ಇನ್ನೊಬ್ಬರು ಕಲಿಯುವವರು ಎಂಬ ಏರುತಗ್ಗು ಉಳಿದುಬಿಡುತ್ತದೆ. ಇಬ್ಬರಿಗೂ ಗೊತ್ತಿಲ್ಲದ್ದರಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ತಪ್ಪುಗಳೂ ಸಮಪಾಲು.

ಕಿರಿಯರು: ಬಲ್ಲವರು ಕಲಿಸಿದರೆ ಏನು ಕೆಟ್ಟಿತು?

ಹಿರಿಯರು: ಗಂಡ ಹೆಂಡತಿಗೆ ಕಾರು ಓಡಿಸುವುದನ್ನು ಕಲಿಸಿದ ಮನೆಗಳಲ್ಲಿ ವಿಚಾರಿಸಿದರೆ ಉತ್ತರ ಸಿಗುತ್ತದೆ. ಕಲಿಸುವವರ ದನಿಯಲ್ಲಿ ಸಣ್ಣ ಅಸಹನೆ ಬಂದರೂ ಸಾಕು, ಕಲಿಯುವವರು ಅದನ್ನು ಹಿಂದಿನ ಹತ್ತು ಜಗಳಗಳ ಜೊತೆ ಜೋಡಿಸಿ ಕೇಳಿಸಿಕೊಳ್ಳುತ್ತಾರೆ. ಕಲಿಸುವ ಕೆಲಸವನ್ನು ಮೂರನೆಯವರಿಗೆ ಬಿಡುವುದು ಕ್ಷೇಮ. ಒಬ್ಬರು ಈಗಾಗಲೇ ಪಳಗಿದವರಾಗಿದ್ದರೆ ಅದೇ ಕ್ಷೇತ್ರದಲ್ಲಿ ಅವರಿಗೂ ಹೊಸದಾದ ಕವಲನ್ನು ಆರಿಸಿಕೊಳ್ಳಬೇಕು. ಕರ್ನಾಟಕ ಸಂಗೀತ ಹಾಡಬಲ್ಲ ಹೆಂಡತಿ, ಸಂಗೀತ ಬಾರದ ಗಂಡ ಇಬ್ಬರೂ ಸೇರಿ ಗಮಕ ಕಲಿಯಲು ಹೊರಟರೆ ಹಾಡುವವಳಿಗೂ ಅಲ್ಲಿ ಹೊಸ ಶಿಸ್ತು ಎದುರಾಗುತ್ತದೆ.

ಕಿರಿಯರು: ಗಮಕ ಎಂದರೆ ಹಿರಿಯರ ಸಭೆಗಳಲ್ಲಿ ನಡೆಯುವ ಕಾವ್ಯವಾಚನ. ಅದು ದಂಪತಿಗಳ ಹವ್ಯಾಸವಾಗಲು ಸಾಧ್ಯವೇ?

ಹಿರಿಯರು: ಕನ್ನಡದಲ್ಲಿ ಇದಕ್ಕಿಂತ ಹೊಂದುವ ಇನ್ನೊಂದನ್ನು ಹುಡುಕುವುದು ಕಷ್ಟ. ಗಮಕಕ್ಕೆ ಇಬ್ಬರು ಬೇಕೇ ಬೇಕು: ಕಾವ್ಯವನ್ನು ರಾಗದಲ್ಲಿ ಓದುವ ವಾಚನಕಾರರು, ಅರ್ಥ ಬಿಡಿಸಿ ಹೇಳುವ ವ್ಯಾಖ್ಯಾನಕಾರರು. ಶಿವಮೊಗ್ಗದ ಹತ್ತಿರ ತುಂಗೆಯ ದಂಡೆಯಲ್ಲಿರುವ ಮತ್ತೂರು, ಹೊಸಹಳ್ಳಿ ಎಂಬ ಅವಳಿ ಊರುಗಳು ಈ ಕಲೆಗೆ ಹೆಸರಾದವು. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿ. ಓದುವವರಿಗೆ ಕಂಠ ಬೇಕು, ಶ್ರುತಿ ಬೇಕು. ಹೇಳುವವರಿಗೆ ಕಥೆ, ಪದಗಳ ಅರ್ಥ, ಸಂದರ್ಭ ಗೊತ್ತಿರಬೇಕು. ಕಂಠವಿಲ್ಲದವರು ಈ ಕಲೆಯಿಂದ ಹೊರಗುಳಿಯಬೇಕಾಗಿಲ್ಲ, ಎರಡನೆಯ ಸ್ಥಾನಕ್ಕೂ ಇಳಿಯಬೇಕಾಗಿಲ್ಲ.

ಕಿರಿಯರು: ಇಬ್ಬರೂ ಬೇರೆ ಬೇರೆ ತಯಾರಿ ಮಾಡಿಕೊಂಡು ಬಂದು ಕೂತರೆ ಅದೂ ಆರ್ಥ್ನರ್ ಹೇಳಿದ ಎರಡನೆಯ ಬಗೆಯೇ ಆಯಿತಲ್ಲ?

ಹಿರಿಯರು: ಹಾಗೆ ಬಂದು ಕೂರಲು ಕಾವ್ಯವೇ ಬಿಡುವುದಿಲ್ಲ. ಕುಮಾರವ್ಯಾಸ ಭಾರತದ ಭಾಮಿನಿ ಷಟ್ಪದಿಯನ್ನು ನೋಡಿ. ಆರು ಸಾಲಿನಲ್ಲಿ ಮೊದಲ ಎರಡು, ಆಮೇಲೆ ನಾಲ್ಕನೆಯ ಮತ್ತು ಐದನೆಯ ಸಾಲುಗಳು ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆದು 14 ಮಾತ್ರೆಗೆ ನಿಲ್ಲುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳು ಅದೇ ನಡೆಯಲ್ಲಿ ಮುಂದಕ್ಕೆ ಹೋಗಿ ಕೊನೆಗೊಂದು ಗುರುವಿನೊಂದಿಗೆ 23 ಮಾತ್ರೆಯಾಗುತ್ತವೆ. ಸಾಲು ಮುಗಿದರೂ ಎಷ್ಟೋ ಕಡೆ ಪದ ಮುಗಿದಿರುವುದಿಲ್ಲ. ಅರ್ಧ ಪದ ಈ ಸಾಲಿನಲ್ಲಿ, ಉಳಿದರ್ಧ ಮುಂದಿನ ಸಾಲಿನಲ್ಲಿ. ಸಾಲಿನ ತುದಿಯಲ್ಲಿ ಉಸಿರು ಬಿಟ್ಟರೆ ಅರ್ಥ ಕೆಡುತ್ತದೆ. ಎಲ್ಲಿ ಒಡೆಯಬೇಕು, ಎಲ್ಲಿ ಕೂಡಿಸಬೇಕು, ಯಾವ ಪದವನ್ನು ಎತ್ತಿ ಹೇಳಬೇಕು ಎಂಬುದನ್ನು ಓದುವವರು ಅರ್ಥ ಬಲ್ಲವರನ್ನು ಕೇಳಿಕೊಂಡೇ ತೀರ್ಮಾನಿಸಬೇಕು. ದ್ರೌಪದಿ ಸಭೆಯಲ್ಲಿ ಪ್ರಶ್ನೆ ಕೇಳುವ ಸಂದರ್ಭಕ್ಕೆ ಯಾವ ರಾಗ ಎಂದು ಚರ್ಚೆ ಶುರುವಾದರೆ, ಅಲ್ಲಿರುವುದು ಅಳಲೋ ಸಿಟ್ಟೋ ಎಂಬ ಮಾತಿಗೆ ಬಂದೇ ಬರುತ್ತದೆ. ಆ ಮಾತು ಗಂಡ ಹೆಂಡತಿಯ ನಡುವೆ ಬೇರೆ ಯಾವ ನೆಪದಲ್ಲಿ ಬರುತ್ತಿತ್ತು?

ಕಿರಿಯರು: ಕುಮಾರವ್ಯಾಸನಿಂದ ಶುರುಮಾಡುವುದು ಹೊಸಬರಿಗೆ ಭಾರವಾದೀತು.

ಹಿರಿಯರು: ಕಗ್ಗದಿಂದ ಶುರುಮಾಡಬಹುದು. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂದದ್ದು, ಅದರಲ್ಲಿ 945 ಪದ್ಯಗಳಿವೆ. ಪ್ರತಿಯೊಂದೂ ನಾಲ್ಕೇ ಸಾಲು, ಹಿಂದುಮುಂದಿನ ಕಥೆಯ ಹೊರೆಯಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಪದ್ಯವನ್ನು ಒಬ್ಬರು ಓದುವುದು, ಇನ್ನೊಬ್ಬರು ತಮಗೆ ತೋಚಿದ ಅರ್ಥ ಹೇಳುವುದು, ಮರುದಿನ ಪಾತ್ರ ಬದಲಿಸುವುದು. ಖರ್ಚು ಒಂದು ಪುಸ್ತಕದ ಬೆಲೆ. ಲಯ ಕಿವಿಗೆ ಕೂತ ಮೇಲೆ ಜೈಮಿನಿ ಭಾರತದ ಚಂದ್ರಹಾಸನ ಕಥೆಯಂಥ ಒಂದು ಭಾಗವನ್ನು ಹಿಡಿಯಬಹುದು. ಹೊರದೇಶದಲ್ಲಿರುವ ಕನ್ನಡಿಗ ದಂಪತಿಗಳಿಗೆ ಇದು ಇನ್ನೂ ಹೆಚ್ಚು ಒದಗುತ್ತದೆ. ಹೊರಗೆ ದಿನವಿಡೀ ಬೇರೆ ಭಾಷೆ, ಮನೆಯೊಳಗೆ ದಿನಬಳಕೆಯ ನೂರಿನ್ನೂರು ಕನ್ನಡ ಪದ. ಹಳೆಯ ಕಾವ್ಯ ಆ ಪದಸಂಪತ್ತನ್ನು ಇಬ್ಬರಿಗೂ ಒಟ್ಟಿಗೆ ಬೆಳೆಸುತ್ತದೆ.

ಕಿರಿಯರು: ಕಾವ್ಯ ಎಲ್ಲರಿಗೂ ಒಗ್ಗುವುದಿಲ್ಲ. ಮನೆಯ ಹೊರಗೆ ಗಾಳಿಬೆಳಕಿನಲ್ಲಿ ಮಾಡುವಂಥದ್ದು ಬೇಕು ಎನ್ನುವವರಿಗೆ?

ಹಿರಿಯರು: ಹಕ್ಕಿ ನೋಡುವುದು. ಕರ್ನಾಟಕದಲ್ಲಿ ದಾಖಲಾದ ಹಕ್ಕಿಗಳ ಬಗೆ 500ಕ್ಕೂ ಹೆಚ್ಚು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು, ಊರೊಳಗಿನ ಮರಗಳಲ್ಲೇ ಹೆಜ್ಜಾರ್ಲೆಗಳು ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಗದಗ ಜಿಲ್ಲೆಯ ಮಾಗಡಿ ಕೆರೆ, ಇವೆಲ್ಲ ಒಂದು ದಿನದ ಪ್ರಯಾಣದ ಜಾಗಗಳು. ಶುರುಮಾಡಲು ಅಷ್ಟು ದೂರವೂ ಬೇಡ. ಹಿತ್ತಿಲಿನ ಕರಿಬೇವಿನ ಗಿಡಕ್ಕೆ ಬರುವ ಪಿಕಳಾರ, ತಂತಿಯ ಮೇಲೆ ಕೂರುವ ಕಾಜಾಣ, ಗೋಡೆಯ ಮೇಲೆ ಬಾಲ ಎತ್ತಿ ಹಾಡುವ ಮಡಿವಾಳ ಹಕ್ಕಿ ಸಾಕು.

ಕಿರಿಯರು: ಇದಕ್ಕೆ ಇಬ್ಬರು ಯಾಕೆ ಬೇಕು? ಒಬ್ಬರೇ ನೋಡಬಹುದಲ್ಲ.

ಹಿರಿಯರು: ನೋಡಬಹುದು. ಇಬ್ಬರಿದ್ದರೆ ಕೆಲಸ ಹಂಚಿಕೆಯಾಗುತ್ತದೆ. ಹಕ್ಕಿ ಎಲೆಮರೆಯಲ್ಲಿ ಕಾಣಿಸುವುದು ಕೆಲವೇ ಕ್ಷಣ. ಒಬ್ಬರು ದುರ್ಬೀನಿನಲ್ಲಿ ಹಿಡಿದು ‘ಹುಬ್ಬಿನ ಮೇಲೆ ಬಿಳಿ ಗೆರೆ, ಹೊಟ್ಟೆ ಕಂದು, ಬಾಲ ಉದ್ದ’ ಎಂದು ಹೇಳುತ್ತ ಹೋದರೆ ಇನ್ನೊಬ್ಬರು ಪುಸ್ತಕದ ಪುಟ ತಿರುವುತ್ತಾರೆ. ಒಬ್ಬರ ಕಣ್ಣು ಚುರುಕಾಗಿದ್ದರೆ ಇನ್ನೊಬ್ಬರ ಕಿವಿ ಚುರುಕಾಗಿರುತ್ತದೆ. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಹೊಸಬರಿಗೆ ಇದು ಸರಿಯಾದ ಅಳತೆ, ಹೆಚ್ಚು ಪಟ್ಟು ದೊಡ್ಡದು ಮಾಡುವುದನ್ನು ಕೊಂಡರೆ ಕೈ ನಡುಗಿ ಹಕ್ಕಿ ನಿಲ್ಲುವುದಿಲ್ಲ. ಕೊಳ್ಳುವ ಮೊದಲು ಊರಿನ ಪಕ್ಷಿಪ್ರೇಮಿಗಳ ಗುಂಪಿನ ಜೊತೆ ಒಂದೆರಡು ಬಾರಿ ಹೋಗಿ ಅವರದ್ದನ್ನು ಕಣ್ಣಿಗಿಟ್ಟು ನೋಡುವುದು ಜಾಣತನ. ಕಂಡದ್ದನ್ನು ಇಬ್ಬರ ಹೆಸರಿನಲ್ಲೂ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಬಹುದು. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಶುರುಮಾಡಿದ ಈ ದಾಖಲೆ ಈಗ ವಿಜ್ಞಾನಿಗಳ ಬಳಕೆಗೂ ಬರುತ್ತಿದೆ. ತಾವು ಬರೆದಿಟ್ಟದ್ದು ಯಾರಿಗೋ ಉಪಯೋಗಕ್ಕೆ ಬರುತ್ತದೆ ಎನ್ನುವುದು ಹವ್ಯಾಸವನ್ನು ಬಹಳ ಕಾಲ ನಿಲ್ಲಿಸುತ್ತದೆ.

ಕಿರಿಯರು: ಆಟಗಳ ಮಾತೇ ಬರಲಿಲ್ಲ. ಶಿವ ಪಾರ್ವತಿಯರೇ ಪಗಡೆಯಾಡಿದವರು. ಎಲ್ಲೋರದ ಗುಹೆಗಳಲ್ಲಿ ಆ ಶಿಲ್ಪಗಳಿವೆ.

ಹಿರಿಯರು: ಇವೆ, ನೋಡಲೇಬೇಕಾದ ಶಿಲ್ಪಗಳು. ಇಬ್ಬರೇ ಕೂತು ಆಡುವ ಆಟಗಳಿಗೆ ನಮ್ಮಲ್ಲಿ ಬರವಿಲ್ಲ. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿಗಳಿರುವ ಅಳಗುಳಿಮಣೆ, ಕವಡೆ ಹಾಕಿ ಆಡುವ ಚೌಕಾಬಾರ, ಹುಲಿ ಕುರಿ ಆಟ ಎಲ್ಲವೂ ಇವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಆಟಗಳ ಮಣೆ, ಹಾಸುಗಳನ್ನು ಮಾಡಿಸಿ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ನಡೆಸಿಕೊಂಡು ಬಂದಿದೆ. ಅಳಗುಳಿಮಣೆಯ ನಿಯಮ ಊರಿಂದ ಊರಿಗೆ ಬೇರೆ. ಹೆಂಡತಿಯ ತವರಿನ ನಿಯಮವೋ ಗಂಡನ ಊರಿನ ನಿಯಮವೋ ಎಂಬಲ್ಲಿಂದಲೇ ಆಟ ಶುರುವಾಗುತ್ತದೆ. ಆದರೆ ಇಬ್ಬರ ಆಟದಲ್ಲಿ ಪ್ರತಿ ಸಲವೂ ಒಬ್ಬರು ಸೋಲಲೇಬೇಕು. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ ದಾರಗ ಎಂಬ ಅವಳಿ ಸೋದರಿಯರು ಚೆನ್ನೆ, ಅಂದರೆ ಅಳಗುಳಿಮಣೆ ಆಡುತ್ತ ಜಗಳಕ್ಕೆ ಬಿದ್ದು ಸಾವಿನವರೆಗೆ ಹೋದ ಕಥೆಯಿದೆ. ಒಡಹುಟ್ಟಿದ ಹೆಣ್ಣುಮಕ್ಕಳು ಚೆನ್ನೆ ಆಡಬಾರದೆಂಬ ನಂಬಿಕೆಯೂ ಅಲ್ಲಿದೆ. ಹತ್ತಿರದವರ ನಡುವೆ ಸೋಲು ಎಷ್ಟು ಆಳಕ್ಕೆ ಚುಚ್ಚುತ್ತದೆ ಎಂಬುದನ್ನು ಆ ಕಥೆ ಕಟ್ಟಿದವರು ಬಲ್ಲರು.

ಕಿರಿಯರು: ಹಾಗಾದರೆ ಆಟ ಬೇಡವೇ?

ಹಿರಿಯರು: ಸೋಲನ್ನು ನಗುತ್ತ ತೆಗೆದುಕೊಳ್ಳುವ ಜೋಡಿಗೆ ಆಟದಷ್ಟು ಸುಖ ಬೇರೆಯಿಲ್ಲ. ಇಬ್ಬರಲ್ಲಿ ಒಬ್ಬರೇ ಸದಾ ಗೆಲ್ಲುವಂತಿದ್ದರೆ ಅಥವಾ ಒಬ್ಬರಿಗೆ ಸೋಲು ಸಹಿಸದಿದ್ದರೆ ಇಬ್ಬರೂ ಒಂದೇ ಕಡೆ ಇರುವ ಆಟ ಆರಿಸಿಕೊಳ್ಳಬೇಕು. ಪತ್ರಿಕೆಯ ಪದಬಂಧ ಅಂಥದ್ದು. ಒಬ್ಬರಿಗೆ ಪುರಾಣ ಗೊತ್ತು, ಇನ್ನೊಬ್ಬರಿಗೆ ಸಿನಿಮಾ ಗೊತ್ತು, ಎಡದಿಂದ ಬಲಕ್ಕೆ ಒಬ್ಬರು, ಮೇಲಿಂದ ಕೆಳಕ್ಕೆ ಒಬ್ಬರು.

ಕಿರಿಯರು: ಕೈತೋಟ?

ಹಿರಿಯರು: ಬಹಳ ಜನ ಮೊದಲು ಹೇಳುವುದು ಅದನ್ನೇ. ಬೀಜ ತರುವುದು, ಕೆಂಪು ಮಣ್ಣು ಗೊಬ್ಬರ ಕಲಸುವುದು, ಜನವರಿಯಲ್ಲೋ ಆಗಸ್ಟ್‌ನಲ್ಲೋ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬರುವುದು ಇವೆಲ್ಲ ಇಬ್ಬರೂ ಸೇರಿ ಮಾಡುವ ಸಂಭ್ರಮ. ದಿನವೂ ನೀರು ಹಾಕುವುದು, ಹುಳು ಹೆಕ್ಕುವುದು, ಒಣಗಿದ್ದನ್ನು ಕಿತ್ತು ಗುಡಿಸುವುದು ಮಾತ್ರ ಮೆಲ್ಲಗೆ ಒಬ್ಬರ ಪಾಲಿಗೆ ಬಂದುಬಿಡುತ್ತದೆ. ಆಮೇಲೆ ಅದು ಮನೆಗೆಲಸದ ಆ 289 ನಿಮಿಷಗಳಿಗೆ ಇನ್ನೊಂದು ಸೇರ್ಪಡೆ. ವಾರದ ದಿನಗಳನ್ನು ಮೊದಲೇ ಹಂಚಿಕೊಂಡರೆ ಮಾತ್ರ ತೋಟ ಇಬ್ಬರದ್ದಾಗಿ ಉಳಿಯುತ್ತದೆ.

ಕಿರಿಯರು: ಪ್ರವಾಸಕ್ಕೆ ದುಡ್ಡು ಬೇಕು ಎಂದು ಎಷ್ಟೋ ಜನ ಆಸೆಯನ್ನೇ ಬಿಟ್ಟಿರುತ್ತಾರೆ.

ಹಿರಿಯರು: ಕೊಚ್ಚಿಯಲ್ಲಿ ‘ಶ್ರೀ ಬಾಲಾಜಿ ಕಾಫಿ ಹೌಸ್’ ಎಂಬ ಸಣ್ಣ ಚಹಾದಂಗಡಿ ನಡೆಸುತ್ತಿದ್ದ ಕೆ.ಆರ್. ವಿಜಯನ್, ಮೋಹನಾ ದಂಪತಿಯ ಹೆಸರು ಇಲ್ಲಿ ಬರಬೇಕು. ದಿನಕ್ಕೆ 300 ರೂಪಾಯಿಯಂತೆ ಎತ್ತಿಟ್ಟು, ಸಾಲದದ್ದಕ್ಕೆ ಸಾಲ ಮಾಡಿ ಒಂದು ದೇಶ ನೋಡಿ ಬರುವುದು, ಅಂಗಡಿಯ ದುಡಿಮೆಯಿಂದ ಆ ಸಾಲ ತೀರಿಸುವುದು, ಮತ್ತೆ ಹೊರಡುವುದು. ಹೀಗೆ ಅವರು 25ಕ್ಕೂ ಹೆಚ್ಚು ದೇಶ ಸುತ್ತಿದರು. ವಿಜಯನ್ 2021ರಲ್ಲಿ ತೀರಿಕೊಂಡರು. ಗಮನಿಸಬೇಕಾದ್ದು, ಅವರು ಇಡೀ ದಿನ ಅಂಗಡಿಯಲ್ಲಿ ಜೊತೆಗೇ ಇರುತ್ತಿದ್ದರು. ದುಡಿಮೆಯ ಜೊತೆಗಾರಿಕೆ ಸಾಲದೆಂದೇ ಪ್ರವಾಸ ಬೇಕಾಯಿತು. ಆ ಹವ್ಯಾಸದ ಬಹುಪಾಲು ನಡೆದದ್ದು ವಿಮಾನದಲ್ಲಲ್ಲ. ಮುಂದಿನ ಊರು ಯಾವುದು ಎಂದು ಲೆಕ್ಕ ಹಾಕುತ್ತ ಕಳೆದ ವರ್ಷಗಳಲ್ಲಿ. ಸಾಲ ಮಾಡಿಯೇ ಹೋಗಬೇಕೆಂದಿಲ್ಲ. ವರ್ಷಕ್ಕೊಂದು ಜಿಲ್ಲೆ ಎಂದುಕೊಂಡರೆ ಕರ್ನಾಟಕವೇ ಮೂವತ್ತೊಂದು ವರ್ಷಕ್ಕಾಗುತ್ತದೆ.

ಕಿರಿಯರು: ಹುರುಪಿನಲ್ಲಿ ಶುರುವಾದದ್ದು ತಿಂಗಳಲ್ಲಿ ನಿಂತುಹೋದರೆ?

ಹಿರಿಯರು: ಹೋಗಲಿ. ಆ ತರಗತಿಗೆ, ಈ ಸಲಕರಣೆಗೆ ದುಡ್ಡು ಸುರಿದಿರದಿದ್ದರೆ ನಷ್ಟವಿಲ್ಲ. ಆದ್ದರಿಂದ ಮೊದಲೇ ಒಂದು ಗಡುವು ಮಾತಾಡಿಕೊಳ್ಳುವುದು ಒಳ್ಳೆಯದು. 1993ರ ಆ ಪ್ರಯೋಗದಲ್ಲಿ ಹತ್ತು ವಾರ ಕೊಟ್ಟಿದ್ದರು, ಅಷ್ಟೇ ಇಟ್ಟುಕೊಳ್ಳಬಹುದು. ಹತ್ತು ವಾರದ ಕೊನೆಯಲ್ಲಿ ಇಬ್ಬರಲ್ಲಿ ಯಾರಿಗೆ ಬೇಡವಾದರೂ ಬಿಟ್ಟುಬಿಡುವುದು, ಬಿಟ್ಟವರನ್ನು ಆಡಿಕೊಳ್ಳದಿರುವುದು. ‘ನಿನಗೆ ಯಾವುದೂ ಹಿಡಿಸುವುದಿಲ್ಲ’ ಎಂಬ ಒಂದು ಮಾತು ಮುಂದಿನ ನಾಲ್ಕು ಪ್ರಯತ್ನಗಳನ್ನು ಹುಟ್ಟುವ ಮೊದಲೇ ಕೊಲ್ಲುತ್ತದೆ. ಮಾಡಿದ್ದನ್ನೆಲ್ಲ ಫೋಟೊ ತೆಗೆದು ನೆಂಟರ ವಾಟ್ಸ್‌ಆಪ್ ಗುಂಪಿಗೆ ಹಾಕುವುದನ್ನೂ ಮೊದಲ ದಿನಗಳಲ್ಲಿ ತಡೆದುಕೊಳ್ಳಬೇಕು. ನೋಡುವವರು ಸೇರಿಕೊಂಡರೆ ತಪ್ಪು ಮಾಡುವ ಸ್ವಾತಂತ್ರ್ಯ ಹೋಗುತ್ತದೆ.

ಕಿರಿಯರು: ಎಲ್ಲವನ್ನೂ ಜೊತೆಗೇ ಮಾಡಬೇಕೆಂಬ ಒತ್ತಡವೂ ಉಸಿರು ಕಟ್ಟಿಸಬಹುದಲ್ಲವೇ?

ಹಿರಿಯರು: ಖಂಡಿತ. ಒಂದು ಜಂಟಿ ಹವ್ಯಾಸ ಸಾಕು. ಮಿಕ್ಕಂತೆ ಗಂಡನ ಗೆಳೆಯರ ಇಸ್ಪೀಟು ಗಂಡನಿಗೆ, ಹೆಂಡತಿಯ ಮಹಿಳಾ ಸಮಾಜದ ನಾಟಕ ಹೆಂಡತಿಗೆ. ಒಬ್ಬರೇ ಕಾಣುವ ಜಗತ್ತಿನಿಂದ ತಂದ ಸುದ್ದಿ ಮನೆಗೂ ಬೇಕು. ಬಿಡುವಿನ ಹಂಚಿಕೆಯಲ್ಲಿ ಮಾತ್ರ ನ್ಯಾಯವಿರಬೇಕು. ಗಂಡನ ಇಸ್ಪೀಟಿಗೆ ಭಾನುವಾರ ಪೂರ್ತಿ, ಹೆಂಡತಿಯ ನಾಟಕಕ್ಕೆ ಸಾರು ಕುದಿಯುವಷ್ಟು ಹೊತ್ತು ಎಂದಾದರೆ ಜಂಟಿ ಹವ್ಯಾಸವೂ ಆ ಅನ್ಯಾಯದ ಮೇಲೆಯೇ ನಿಂತಿರುತ್ತದೆ.

ಕಿರಿಯರು: ಕೊನೆಯದಾಗಿ, ವಯಸ್ಸು. ಮಂಡಿ ನೋವು, ಕಣ್ಣಿನ ಪೊರೆ, ಕಿವುಡು ಬಂದ ಮೇಲೆ ಇವೆಲ್ಲ ಎಷ್ಟು ದಿನ ನಡೆದಾವು?

ಹಿರಿಯರು: ರೂಪ ಬದಲಿಸಿಕೊಂಡರೆ ಬಹಳ ದಿನ. ಗಮಕದಲ್ಲಿ ಕಂಠ ಕುಗ್ಗಿದವರು ವ್ಯಾಖ್ಯಾನಕ್ಕೆ ಬರಬಹುದು, ಅಷ್ಟು ವರ್ಷ ಓದಿದವರಿಗೆ ಅರ್ಥವೂ ಬಾಯಲ್ಲಿರುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಕೀರಲು ದನಿಗಳು, ಹಾಗಾಗಿ ಸಣ್ಣ ಹಕ್ಕಿಗಳ ಕೂಗು ಒಬ್ಬರಿಗೆ ಕೇಳಿಸದೆ ಹೋದಾಗ ಇನ್ನೊಬ್ಬರು ದಿಕ್ಕು ತೋರಿಸುತ್ತಾರೆ. ಇಬ್ಬರಿಗೂ ಕೇಳಿಸದಿದ್ದರೆ ಕೂಗನ್ನು ಹಿಡಿದು ಹೆಸರು ತೋರಿಸುವ ಮರ್ಲಿನ್ ಎಂಬ ಆ್ಯಪ್ ಇದೆ. ಕೆರೆಯವರೆಗೆ ನಡೆಯಲಾಗದವರಿಗೆ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಯಿದೆ. 1998ರಲ್ಲಿ ಅಮೆರಿಕದಲ್ಲಿ ಶುರುವಾಗಿ 2013ರಿಂದ ಭಾರತದಲ್ಲೂ ನಡೆಯುತ್ತಿದೆ. ಒಂದೇ ಜಾಗದಲ್ಲಿ ಕನಿಷ್ಠ 15 ನಿಮಿಷ ಕೂತು ಕಂಡ ಹಕ್ಕಿಗಳನ್ನು ಎಣಿಸಿ ಕಳಿಸಿದರಾಯಿತು. ಆ ಜಾಗ ಮನೆಯ ಬಾಲ್ಕನಿಯೂ ಆಗಬಹುದು, ಒಬ್ಬರು ಎಣಿಸಿ ಇನ್ನೊಬ್ಬರು ಬರೆದುಕೊಳ್ಳಬಹುದು.